ತಗಡಿನ ಅರ್ಧ ಗುಂಡು: ನೆರಿಗೆ ಬೀಳದ ಹಾಗೆ ಒತ್ತುವುದು ಹೇಗೆ?

ಹೋದ ತಿಂಗಳು ಪಕ್ಕದ ಮನೆ ಹುಡುಗ ಒಂದು ಡಬ್ಬಿ ತಂದು ನನ್ನ ಮುಂದೆ ಸುರಿದ. ಹನ್ನೊಂದು ತಾಮ್ರದ ತುಂಡುಗಳು. ಕೆಲವು ತಳದಲ್ಲಿ ಹರಿದಿದ್ದವು, ಕೆಲವಕ್ಕೆ ಅಂಚಿನ ತುಂಬ ನೆರಿಗೆ. ದೀಪದ ಕಂಬದ ತುದಿಗೆ ತಾಮ್ರದ ಗುಂಡು ಮಾಡಬೇಕು ಅಂತ ಹೊರಟಿದ್ದನಂತೆ. ‘ಅಂಕಲ್, ತಗಡೇ ಸರಿ ಇಲ್ಲ’ ಅಂದ. ತಗಡು ಚೆನ್ನಾಗೇ ಇತ್ತು. ಅವನು ಅದನ್ನು ಕಾಯಿಸಿರಲಿಲ್ಲ, ಒತ್ತುವಾಗ ಅಂಚನ್ನು ಹಿಡಿದೂ ಇರಲಿಲ್ಲ. ನಾನು ನೋಡಿದವರಲ್ಲಿ ಹೆಚ್ಚಿನವರು ಎಡವುವುದು ಈ ಎರಡು ಕಡೆಯೇ.

1 ಇಂಚಿನ ಗುಂಡಿನ ಲೆಕ್ಕ ಹಿಡಿದು ಹೇಳುತ್ತೇನೆ. ಎರಡು ಅರ್ಧ ಮಾಡಿ ಬೆಸೆದರೆ ಒಂದು ಟೊಳ್ಳು ಗುಂಡು.

1. ತಗಡು ಆರಿಸುವುದು

22 ಗೇಜಿನ ತಾಮ್ರ ತನ್ನಿ. ದಪ್ಪ ಸುಮಾರು 0.7 ಮಿ.ಮೀ. ಮೊದಲ ಸಲ ಮಾಡುವವರು ಹಿತ್ತಾಳೆಗೆ ಕೈ ಹಾಕಬೇಡಿ, ಅದು ಬೇಗ ಬಿರುಸಾಗುತ್ತದೆ. ಹಿತ್ತಾಳೆಯೇ ಬೇಕು ಅನ್ನುವವರು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ ಬಣ್ಣದ ಲೇಪ ಕೊಟ್ಟ ಕಬ್ಬಿಣದ ತಗಡನ್ನು ನನಗೇ ಒಮ್ಮೆ ಹಿತ್ತಾಳೆ ಅಂತ ಕೊಟ್ಟು ಕಳಿಸಿದ್ದರು. ಅಜ್ಜಿ ಕಾಲದ ತೂತು ಹಂಡೆ ಕತ್ತರಿಸುವ ಯೋಚನೆಯೂ ಬೇಡ. ಬಡಿದು ಮಾಡಿದ ಹಂಡೆಯ ದಪ್ಪ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಜಿಂಕ್ ಶೀಟಂತೂ ಬೇಡವೇ ಬೇಡ. ಕಾಯಿಸಿದರೆ ಅದರ ಹೊಗೆ ಮೈಗೆ ಕೆಟ್ಟದ್ದು.

2. ಅಚ್ಚು

ಒತ್ತಲು 1 ಇಂಚಿನ, ಅಂದರೆ 25.4 ಮಿ.ಮೀ. ಬೇರಿಂಗ್ ಗುಂಡು. ಗುಜರಿಯಲ್ಲಿ ಸಿಗುತ್ತದೆ. ತುಕ್ಕಿನ ಚುಕ್ಕೆ ಇರಬಾರದು, ಅಷ್ಟೇ.

ಕೆಳಗಿನ ಅಚ್ಚಿಗೆ 12 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟು. ಅದರಲ್ಲಿ 27 ಮಿ.ಮೀ. ತೂತು. ಲೆಕ್ಕ ಸುಲಭ: ಗುಂಡಿನ ಅಳತೆಗೆ ತಗಡಿನ ದಪ್ಪವನ್ನು ಎರಡು ಸಲ ಕೂಡಿಸಿ, ಮೇಲೆ ಕೂದಲೆಳೆಯಷ್ಟು ಜಾಗ ಬಿಡಿ. ಈ ತೂತನ್ನು ಲೇತ್‌ನಲ್ಲೇ ಮಾಡಿಸಿ. ಡ್ರಿಲ್ ಹಾಕಿ ಅರದಿಂದ ಉಜ್ಜಿ ದೊಡ್ಡದು ಮಾಡಿದರೆ ತೂತು ಕೋಳಿಮೊಟ್ಟೆಯಾಗುತ್ತದೆ, ಗುಂಡೂ ಹಾಗೇ ಬರುತ್ತದೆ.

ತೂತಿನ ಮೇಲಿನ ಬಾಯಿ ಚೂಪಾಗಿರಬಾರದು. 3 ಮಿ.ಮೀ.ನಷ್ಟು ದುಂಡಗೆ ಮಾಡಿಸಿ, ಆಮೇಲೆ ಎಮರಿ ಕಾಗದದಲ್ಲಿ ಉಜ್ಜಿ. ಬೆರಳಾಡಿಸಿದರೆ ಹೊಸ ಸ್ಟೀಲ್ ಲೋಟದ ಕಂಠದ ಹಾಗೆ ಜಾರಬೇಕು. ಕೆಲವರು ಹಳೇ ಬೇರಿಂಗ್‌ನ ರಿಂಗನ್ನೇ ಅಚ್ಚು ಮಾಡಿಕೊಳ್ಳುತ್ತಾರೆ. ಅದರ ಬಾಯಿಯ ದುಂಡು ತೀರಾ ಕಮ್ಮಿ, ತಗಡು ಅಲ್ಲೇ ಕಚ್ಚಿಕೊಂಡು ಹರಿಯುತ್ತದೆ. ಉಜ್ಜಿ ಸರಿ ಮಾಡೋಣ ಅಂದರೆ ಅದಕ್ಕೆ ಅರವೂ ಹಿಡಿಯುವುದಿಲ್ಲ.

ಇನ್ನೊಂದು 6 ಮಿ.ಮೀ. ಪ್ಲೇಟು ಬೇಕು. ಅದರ ತೂತು 26 ಮಿ.ಮೀ. ಇದನ್ನು ತಗಡಿನ ಮೇಲಿಟ್ಟು ನಾಲ್ಕು ಮೂಲೆಯಲ್ಲಿ ಬೋಲ್ಟ್ ಹಾಕಿ ಬಿಗಿಯಬೇಕು. ನಮ್ಮ ಹುಡುಗ ‘ದಂಡ ಖರ್ಚು’ ಅಂತ ಬಿಟ್ಟಿದ್ದು ಇದನ್ನೇ.

ಒತ್ತುವುದಕ್ಕೆ 2 ಟನ್ನಿನ ಕಾರ್ ಜಾಕ್ ಸಾಕು. ಈ ಅಳತೆಯ ಮೆತ್ತಗಿನ ತಾಮ್ರ ಸುಮಾರು ಒಂದೂಕಾಲು ಟನ್ನಿಗೇ ಹರಿದುಹೋಗುತ್ತದೆ. 20 ಟನ್ನಿನ ಪ್ರೆಸ್ ತಂದರೂ ಹೆಚ್ಚಿನ ಲಾಭವೇನಿಲ್ಲ. ಚಾನೆಲ್ ಕಬ್ಬಿಣದಲ್ಲಿ ಒಂದು ಚೌಕಟ್ಟು ಬೆಸುಗೆ ಹಾಕಿಸಿ, ಜಾಕ್ ಅದರೊಳಗೆ ಕೂರಲಿ. ಜಾಕ್ ಮತ್ತು ಗುಂಡಿನ ನಡುವೆ ಒಂದು ಗಿಡ್ಡ ಸರಳು. ಗುಂಡು ಜಾರದ ಹಾಗೆ ಸರಳಿನ ತುದಿಯಲ್ಲಿ ಒಂದು ಗುಳಿ ಮಾಡಿಕೊಳ್ಳಿ.

ಜಾಕ್ ಬದಲು ಸುತ್ತಿಗೆಯಿಂದ ಗುಂಡಿಗೆ ಬಡಿಯುವವರಿದ್ದಾರೆ. ಬೇಡ. ಬೇರಿಂಗ್ ಗುಂಡು ಗಡಸು, ಏಟಿಗೆ ಸಿಡಿದರೆ ಚೂರು ನೇರ ಕಣ್ಣಿಗೆ. ಜಾಕ್‌ನಲ್ಲಿ ಒತ್ತುವಾಗಲೂ ಕನ್ನಡಕ ಇರಲಿ.

3. ಬಿಲ್ಲೆ ಕತ್ತರಿಸುವುದು

ಬೇರಿಂಗ್ ಗುಂಡಿನ ಅಗಲಕ್ಕೆ ತಗಡಿನ ದಪ್ಪವನ್ನು ಒಂದು ಸಲ ಕೂಡಿಸಿ. ಅರ್ಧ ಗುಂಡಿಗೆ ಬೇಕಾದ ಬಿಲ್ಲೆಯ ಅಗಲ ಅದರ 1.414 ಪಟ್ಟು. ನಮ್ಮ ಲೆಕ್ಕಕ್ಕೆ 37 ಮಿ.ಮೀ. ಆಗುತ್ತದೆ. ಅಂಚು ಉಜ್ಜಿ ಸಮ ಮಾಡಲು 2 ಸೇರಿಸಿ 39 ಇಟ್ಟುಕೊಳ್ಳಿ. ಕೈವಾರದ ಮುಳ್ಳನ್ನು ಮೆಲ್ಲಗೆ ಊರಿ. ಆಳದ ಚುಚ್ಚು ಮುಂದೆ ತೂತಾಗಬಹುದು. ಕತ್ತರಿಸಿದ ಮೇಲೆ ಅಂಚಿನ ಮುಳ್ಳುಗಳನ್ನು ಅರದಿಂದ ತೆಗೆಯಿರಿ.

4. ಕಾಯಿಸುವುದು

ಕಾಯಿಸುವುದು ತಗಡು ಮೆತ್ತಗಾಗಲಿ ಅಂತ. ಸ್ವಲ್ಪ ಕತ್ತಲಿರುವ ಜಾಗದಲ್ಲಿ ಗ್ಯಾಸ್ ಟಾರ್ಚ್ ಹಿಡಿದು, ಬಿಲ್ಲೆ ಮಂಕಾಗಿ ಕೆಂಪೇರುವ ತನಕ ಕಾಯಿಸಿ. ಬಿಸಿಲಲ್ಲಿ ಮಾಡಿದರೆ ಆ ಕೆಂಪು ಕಾಣದೆ ಜಾಸ್ತಿ ಕಾಯಿಸಿಬಿಡುತ್ತೀರಿ. ಆಮೇಲೆ ನೀರಿಗೆ ಹಾಕಿ. ನೀರಿಗೆ ಹಾಕಿದರೆ ಗಟ್ಟಿಯಾಗುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಗಟ್ಟಿಯಾಗುವುದು ಉಕ್ಕು, ತಾಮ್ರವಲ್ಲ. ಹಿತ್ತಾಳೆಯನ್ನು ಮಾತ್ರ ತಾನಾಗೇ ಆರಲು ಬಿಡಿ.

ಅಲ್ಯೂಮಿನಿಯಂ ಕೆಂಪಾಗುವುದಿಲ್ಲ, ಬಣ್ಣಕ್ಕೆ ಕಾಯುತ್ತಾ ಕೂತರೆ ಕರಗಿ ಬೀಳುತ್ತದೆ. ಅದರ ಮೇಲೆ ಬಟ್ಟೆ ಸೋಪಿನಿಂದ ಗೆರೆ ಎಳೆದು ಕಾಯಿಸಿ. ಗೆರೆ ಕಪ್ಪಗಾದ ಕೂಡಲೇ ಉರಿ ತೆಗೆಯಿರಿ.

ಕಾಯಿಸಿದ ತಾಮ್ರದ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಹುಣಸೆಹಣ್ಣು, ಉಪ್ಪು ಹಚ್ಚಿ ತೊಳೆಯಿರಿ. ಪೊರೆ ಹಾಗೇ ಉಳಿದರೆ ಅಚ್ಚಿನ ಬಾಯಿಗೆ ಗೀರು ಬೀಳುತ್ತದೆ.

5. ಒತ್ತುವುದು

ಅವಸರ ಇದ್ದವರು ಇದನ್ನು ನಾಳೆಗೆ ಇಟ್ಟುಕೊಳ್ಳಿ.

ಮೊದಲು ನೆರಿಗೆ ಯಾಕೆ ಬೀಳುತ್ತದೆ ನೋಡಿ. 39 ಮಿ.ಮೀ. ಬಿಲ್ಲೆಯ ಸುತ್ತಳತೆ ಸುಮಾರು 122 ಮಿ.ಮೀ. ಅದೇ ಅಂಚು ಅರ್ಧ ಗುಂಡಿನ ಬಾಯಿಯಾದಾಗ ಸುತ್ತಳತೆ 82. ಉಳಿದ 40 ಮಿ.ಮೀ. ಎಲ್ಲಿಗೆ ಹೋಗಬೇಕು? ಅಂಚನ್ನು ಬಿಗಿಯಾಗಿ ಹಿಡಿದಿದ್ದರೆ ಲೋಹ ಒಳಗೊಳಗೇ ಸರಿದು ಸ್ವಲ್ಪ ದಪ್ಪವಾಗುತ್ತದೆ, ಉದ್ದವಾಗುತ್ತದೆ. ಹಿಡಿಯದಿದ್ದರೆ ಸೀರೆ ಹಾಗೆ ಮಡಿಸಿಕೊಳ್ಳುತ್ತದೆ. ತೀರಾ ಬಿಗಿದರೋ, ಅಂಚು ಒಳಗೆ ಬರುವುದೇ ಇಲ್ಲ, ತಳ ತೆಳುವಾಗಿ ಹರಿಯುತ್ತದೆ. ಎರಡರ ನಡುವಿನ ಹದ ಬೇಕು.

ಆ ಹದವನ್ನು ಕೈಯಂದಾಜಿಗೆ ಬಿಡಬೇಡಿ. ಅದೇ ತಗಡಿನ ನಾಲ್ಕು ಚೂರುಗಳನ್ನು ನಾಲ್ಕು ಬೋಲ್ಟ್‌ಗಳ ಪಕ್ಕ ಇಡಿ. ಪ್ರತಿ ಚೂರಿನ ಮೇಲೆ ನೋಟ್‌ಬುಕ್ ಹಾಳೆಯ ಒಂದು ತುಂಡು. ಈಗ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಿರಿ. ಎರಡು ಪ್ಲೇಟುಗಳ ನಡುವೆ ತಗಡಿನ ದಪ್ಪ ಮತ್ತು ಒಂದು ಹಾಳೆಯಷ್ಟು ಜಾಗ ಉಳಿಯುತ್ತದೆ. ಬಿಲ್ಲೆ ಜಾರಬಹುದು, ಏಳುವ ಹಾಗಿಲ್ಲ.

ಜಾರಲು ನನಗೆ ಇಷ್ಟವಾದದ್ದು ಹಾಲಿನ ಪ್ಯಾಕೆಟ್. ತೊಳೆದು, ಬಿಲ್ಲೆಯ ಅಳತೆಗೆ ಕತ್ತರಿಸಿ, ಬಿಲ್ಲೆ ಮತ್ತು ಕೆಳಗಿನ ಅಚ್ಚಿನ ನಡುವೆ ಹಾಸಿ. ಮೇಲಿನ ಪ್ಲೇಟಿಗೆ ನೀರಲ್ಲಿ ಕಲಸಿದ ಬಾರ್ ಸೋಪು. ಪ್ಯಾಕೆಟ್ ಹಾಸಿದ್ದರೆ ಮೂಲೆಯ ಚೂರುಗಳ ಕೆಳಗೂ ಅದರ ತುಂಡು ಇಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಗ್ರೀಸ್ ಆಗದೆ ಏನಿಲ್ಲ, ಆದರೆ ಮತ್ತೆ ಕಾಯಿಸುವಾಗ ಮನೆಯೆಲ್ಲ ಹೊಗೆ. ಗುಂಡಿಗೆ ಮಾತ್ರ ಏನೂ ಸವರಬೇಡಿ. ಒಣ ಗುಂಡು ತಳದ ತಗಡನ್ನು ಹಿಡಿದುಕೊಳ್ಳುತ್ತದೆ, ತೆಳುವಾಗಲು ಬಿಡುವುದಿಲ್ಲ. ಹುಡುಗ ಗುಂಡಿಗೇ ಧಾರಾಳವಾಗಿ ಎಣ್ಣೆ ಹಚ್ಚಿದ್ದ!

ಬಿಲ್ಲೆ ಸರಿಯಾಗಿ ನಡುವೆ ಕೂರಲು ಅಚ್ಚಿನ ಮೇಲೆ ಮೊದಲೇ 39 ಮಿ.ಮೀ. ವೃತ್ತ ಗೀರಿಕೊಂಡಿರಿ.

ಈಗ ಜಾಕ್ ಒತ್ತಿ, ನಿಧಾನವಾಗಿ. 7 ಮಿ.ಮೀ. ಇಳಿದ ಮೇಲೆ ನಿಲ್ಲಿಸಿ ಬಿಚ್ಚಿ. ಒಂದೇ ಸಲಕ್ಕೆ ಪೂರ್ತಿ ಇಳಿಸಬಹುದು, ನಿಜ. ನಾನು ಇಳಿಸುವುದಿಲ್ಲ. ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಸಣ್ಣ ಅಲೆ ಕಂಡರೆ ಹಾಳೆಯ ತುಂಡು ತೆಗೆದುಬಿಡಿ. ತಳದಲ್ಲಿ ಉಂಗುರದ ಹಾಗೆ ತೆಳು ಗೆರೆ ಕಂಡರೆ ಇನ್ನೊಂದು ಹಾಳೆ ಸೇರಿಸಿ. ಅಲೆ ಇದ್ದರೆ ಮರದ ಸುತ್ತಿಗೆಯಿಂದ ಈಗಲೇ ತಟ್ಟಿ ಸಮ ಮಾಡಿ. ಮಡಿಕೆಯಾದ ಮೇಲೆ ಬ್ರಹ್ಮ ಬಂದರೂ ಬಿಡಿಸಲಾರ.

ಮತ್ತೆ ಕಾಯಿಸಿ, ತೊಳೆದು, ಕೂರಿಸಿ. ಈ ಸಲ ಗುಂಡು ಅಚ್ಚಿನಿಂದ ಕೆಳಗೆ ಬೀಳುವ ತನಕ ಒತ್ತಿ. ತಗಡು ಗುಂಡಿಗೆ ಅಂಟಿಕೊಂಡಿದ್ದರೆ ಮೇಲೆ ಬಿಸಿನೀರು ಸುರಿಯಿರಿ. ತಾಮ್ರ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತದೆ, ಬಿಟ್ಟುಕೊಳ್ಳುತ್ತದೆ.

6. ಅಂಚು ಮತ್ತು ಬೆಸುಗೆ

ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಬಾಯಿ ಕೆಳಗೆ ಮಾಡಿ, ಅಂಚು ಸಮವಾಗುವ ತನಕ ಉಜ್ಜಿ. ಬೆಸೆಯುವ ಮೊದಲು ಒಂದು ಅರ್ಧಕ್ಕೆ 2 ಮಿ.ಮೀ. ತೂತು ಕೊರೆಯಲೇಬೇಕು. ಮುಚ್ಚಿದ ಗುಂಡನ್ನು ಕಾಯಿಸಿದರೆ ಒಳಗಿನ ಗಾಳಿ ಹಿಗ್ಗಿ ಬೆಸುಗೆಯನ್ನು ತಳ್ಳುತ್ತದೆ. ಒಳಗೆ ನೀರಿದ್ದರಂತೂ ಗುಂಡು ಸಿಡಿಯುತ್ತದೆ. ಬಿಳಿಗಾರ ಸವರಿ, ಬೆಳ್ಳಿ ಬೆಸುಗೆ ಹಾಕಿ, ತಾನಾಗೇ ಆರಲು ಬಿಡಿ. ಬಿಸಿ ಇರುವಾಗ ನೀರಿಗೆ ಹಾಕಿದರೆ ಅದೇ ತೂತಿನಿಂದ ನೀರು ಒಳಗೆಳೆದುಕೊಳ್ಳುತ್ತದೆ. ದೀಪದ ಕಂಬಕ್ಕೆ ಕೂರಿಸುವಾಗ ಆ ತೂತನ್ನೇ ತಿರುಪಿನ ಅಳತೆಗೆ ದೊಡ್ಡದು ಮಾಡಿಕೊಂಡರೆ ಹೊರಗೆ ಕಾಣುವುದೂ ಇಲ್ಲ.