ಒಂದೇ ಮೀಟರಿನಲ್ಲಿ ಟಿಸಿಯ ನಷ್ಟ ಅಳೆದ ನನ್ನ ಅನುಭವ

ರಿಪೇರಿಯಾದ ಟಿಸಿಯನ್ನು, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರನ್ನು, ಚಾರ್ಜ್ ಮಾಡಿ, ಮೂರೂ ಫೇಸ್‌ನಲ್ಲಿ ವೋಲ್ಟೇಜ್ ಬಂದರೆ ನಮ್ಮ ಕಡೆ ಬಿಲ್ ಬರೆದುಬಿಡುತ್ತಾರೆ. ಅದು ಒಳಗೆ ಎಷ್ಟು ವಿದ್ಯುತ್ ತಿನ್ನುತ್ತಿದೆ ಎಂದು ಕೇಳುವವರಿಲ್ಲ. ಪ್ರತಿ ಟಿಸಿಯ ನಷ್ಟವನ್ನೂ ವ್ಯಾಟ್‌ಗಳಲ್ಲಿ ಬರೆದು ಕೊಡುತ್ತೇನೆ ಎಂದು ನಾನು ಹೊರಟಾಗ ಶಿವಮೊಗ್ಗದಲ್ಲೇ ವೈಂಡಿಂಗ್ ಮಾಡುವ ಹಿರಿಯರೊಬ್ಬರು, “ಲ್ಯಾಬಿನವರು ಎರಡು ಲಕ್ಷದ ಯಂತ್ರದಲ್ಲಿ ಮಾಡುವುದನ್ನು ನೀನು ಗುಜರಿ ಮೀಟರಿನಲ್ಲಿ ಮಾಡುತ್ತೀಯೇನೋ?” ಎಂದಿದ್ದರು. ಈಗ ಅವರ ಟಿಸಿಗಳೂ ಅಳತೆಗೆ ನನ್ನ ಶೆಡ್ಡಿಗೇ ಬರುತ್ತವೆ.

ಮೊದಲು ನಂಬಿದ್ದು ತಂತಿಯನ್ನು ಇಕ್ಕಳದಂತೆ ಹಿಡಿದು ಕರೆಂಟ್ ಅಳೆಯುವ ಟಾಂಗ್ ಟೆಸ್ಟರನ್ನು. ವ್ಯಾಟ್ ತೋರಿಸುವಂಥದ್ದನ್ನೇ ಹನ್ನೆರಡು ಸಾವಿರ ಕೊಟ್ಟು ತಂದೆ. 63 ಕೆವಿಎ (ಟಿಸಿಯ ಸಾಮರ್ಥ್ಯದ ಅಳತೆ) ಟಿಸಿ ಲೋಡ್ ಇಲ್ಲದಾಗ ಎಳೆಯುವುದು ಒಂದೂವರೆ ಆಂಪಿಯರ್. ಸಾವಿರ ಆಂಪಿಯರ್ ಹಿಡಿಯಲು ಮಾಡಿದ ಉಪಕರಣಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಮನೆಗೆ ಹಾಕುವ ಸಿಂಗಲ್ ಫೇಸ್ ಮೀಟರ್ ಮೂರು ಜೋಡಿಸಿದೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) 0.2ರ ಹತ್ತಿರ ಇಳಿದಾಗ ಅವುಗಳ ಮಾತು ನಂಬುವಂತಿರಲಿಲ್ಲ. ಇನ್ನೂ ದೊಡ್ಡ ತೊಡಕೆಂದರೆ, ಮೂರು ಕಾಲಿನ ಕೋರ್‌ನಲ್ಲಿ (ವೈಂಡಿಂಗ್ ಕೂರುವ ಉಕ್ಕಿನ ಪಟ್ಟಿಗಳ ಚೌಕಟ್ಟು) ಒಂದು ಫೇಸ್‌ನ ವ್ಯಾಟ್ ಕೆಲವೊಮ್ಮೆ ಋಣವಾಗಿರುತ್ತದೆ. ಮನೆಯ ಮೀಟರ್ ಕಳೆಯಬೇಕಾದ ಅದನ್ನೂ ಕೂಡಿಸಿಬಿಡುತ್ತದೆ.

ಕೊನೆಗೆ ಕೈಹಿಡಿದದ್ದು ಸಿಟಿ (ದೊಡ್ಡ ಕರೆಂಟನ್ನು ಅಳತೆಗೆ ತಗ್ಗಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಜೊತೆ ಬಳಸುವ, 5 ಆಂಪಿಯರ್‌ನ, 0.5ಎಸ್ ನಿಖರತೆಯ ತ್ರೀ ಫೇಸ್ ಮೀಟರ್. ಹಳೆಯದು, ಮೂರು ಸಾವಿರದ ಆಸುಪಾಸು. ಇದರಲ್ಲಿರುವ ಸೊಗಸು ನೋಡಿ. ಕಡಿಮೆ ವೋಲ್ಟೇಜಿನ ಎಲ್‌ಟಿ ಕಡೆಯಿಂದ 433 ವೋಲ್ಟ್ ಕೊಟ್ಟರೆ ನೋ ಲೋಡ್ (ಲೋಡ್ ಇಲ್ಲದಾಗಿನ) ಕರೆಂಟ್ ಒಂದೆರಡು ಆಂಪಿಯರ್. ಎಲ್‌ಟಿಯನ್ನು ಶಾರ್ಟ್ ಮಾಡಿ ಹೆಚ್ಚು ವೋಲ್ಟೇಜಿನ ಎಚ್‌ಟಿ ಕಡೆಗೆ ನಮ್ಮ ಶೆಡ್ಡಿನ 415 ವೋಲ್ಟನ್ನೇ ಕೊಟ್ಟರೆ, ಇಂಪೀಡೆನ್ಸ್ (ಕರೆಂಟಿಗೆ ಒಳಗಿರುವ ಅಡ್ಡಿ) 4.5 ಶೇಕಡಾ ಇರುವ 63 ಕೆವಿಎಯಲ್ಲಿ 2.8 ಆಂಪಿಯರ್, 100 ಕೆವಿಎಯಲ್ಲಿ 4.4 ಆಂಪಿಯರ್ ಹರಿಯುತ್ತದೆ. ಎರಡೂ ಪರೀಕ್ಷೆ ಸಿಟಿಯ ಹಂಗಿಲ್ಲದೆ ಒಂದೇ ಮೀಟರಿನೊಳಗೆ ಮುಗಿಯುತ್ತವೆ. ಶಾರ್ಟ್ ಪರೀಕ್ಷೆಯಲ್ಲಿ ಸಿಕ್ಕ ಲೋಡ್ ನಷ್ಟವನ್ನು ಕರೆಂಟಿನ ಅನುಪಾತದ ವರ್ಗದಿಂದ ಗುಣಿಸಿ ಪೂರ್ಣ ಲೋಡಿಗೆ ಏರಿಸಿ, 75 ಡಿಗ್ರಿ ಬಿಸಿಯ ಲೆಕ್ಕಕ್ಕೆ ತಂದರಾಯಿತು.

ಪರದೆಯ ಅಂಕಿ ನನಗೆ ಬೇಡ. ಮಿನುಗುವ ಕೆಂಪು ದೀಪ ಸಾಕು. ನನ್ನ ಮೀಟರ್ ಯೂನಿಟ್ಟಿಗೆ 10,000 ಸಲ ಮಿನುಗುತ್ತದೆ. ಹತ್ತು ನಿಮಿಷ ಮೊಬೈಲಿನಲ್ಲಿ ವಿಡಿಯೊ ಹಿಡಿದು ಎಣಿಸಿ 0.6ರಿಂದ ಗುಣಿಸಿದರೆ ವ್ಯಾಟ್ ಸಿಕ್ಕಿತು. ಮುನ್ನೂರು ಮಿನುಗೆಂದರೆ 180 ವ್ಯಾಟ್. ಟಿಸಿಗಳ ಭಾರತೀಯ ಮಾನದಂಡವಾದ ಐಎಸ್ 1180ರ ಹಳೆಯ ಆವೃತ್ತಿಯಲ್ಲಿ 63 ಕೆವಿಎಗೆ ಇದ್ದ ನೋ ಲೋಡ್ ಮಿತಿ ಅದೇ.

ಗುಜರಿಯಲ್ಲಿ ಸಿಕ್ಕ ಮೀಟರನ್ನೆಲ್ಲ ನಂಬಬೇಡಿ. ಸಮಾನ ವ್ಯಾಟಿನ ಮೂರು ಬಲ್ಬನ್ನು ಫೇಸ್‌ಗೊಂದರಂತೆ ಹಾಕಿ ಒಂದು ಫೇಸ್‌ನ ಕರೆಂಟ್ ತಂತಿ ತಿರುಗಿಸಿ. ಮಿನುಗು ಮೂರನೇ ಒಂದಕ್ಕೆ ಇಳಿದರೆ ಅದು ಕೆಲಸಕ್ಕೆ ಬರುವ ಮೀಟರ್. ಇಳಿಯದಿದ್ದರೆ ವಾಪಸ್ ಕೊಡಿ.

ಶಾರ್ಟ್ ಮಾಡುವ ಪಟ್ಟಿಯೂ ತಲೆನೋವು ತಂದಿತ್ತು. ಅಲ್ಯೂಮಿನಿಯಂ ತಂತಿ ಸುತ್ತಿದಾಗ ಎಲ್‌ಟಿ ಕಡೆ ಹರಿಯುವ ಎಪ್ಪತ್ತು ಆಂಪಿಯರ್‌ಗೆ ತಂತಿಯೇ ಮೂವತ್ತು ನಲವತ್ತು ವ್ಯಾಟ್ ನುಂಗಿ, ಬಿಸಿಯಾದಂತೆ ಲೆಕ್ಕ ಏರುತ್ತಲೇ ಹೋಗುತ್ತಿತ್ತು. ಈಗ ದಪ್ಪ ತಾಮ್ರದ ಪಟ್ಟಿ, ಎಮರಿ ಕಾಗದದಲ್ಲಿ ಉಜ್ಜಿದ ಮೇಲ್ಮೈ. ಬೋಲ್ಟ್ ಬಿಗಿಯುವ ಕ್ರಮವೊಂದಿದೆ, ಕಡಿಮೆ ಪವರ್ ಫ್ಯಾಕ್ಟರಿನಲ್ಲಿ ಮೀಟರ್ ತಪ್ಪುವುದನ್ನು ಸರಿಹೊಂದಿಸುವ ಉಪಾಯವೂ ಇದೆ. ಅವೆರಡು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಹೆಚ್ಚು ದುಡ್ಡು ನುಂಗಿದ್ದು ವೋಲ್ಟೇಜ್ ಏರಿಸಿ ಇಳಿಸುವ ವೇರಿಯಾಕ್. ಸಂಜೆ ನಮ್ಮಲ್ಲಿ 390 ವೋಲ್ಟ್ ದಾಟಿದರೆ ಹೆಚ್ಚು. ನೋ ಲೋಡ್ ಪರೀಕ್ಷೆಗೆ 433 ಬೇಕೇ ಬೇಕು. ಬೆಂಗಳೂರಿನಿಂದ ಹಳೆಯದನ್ನು ಇಪ್ಪತ್ತೈದು ಸಾವಿರಕ್ಕೆ ತಂದೆ; ಲಾರಿ ಬಾಡಿಗೆ ಬೇರೆ.

ಫಲ ಕಂಡದ್ದು ಶಿಕಾರಿಪುರದ ಕಡೆಯ ಒಂದು ಅಕ್ಕಿ ಗಿರಣಿಯ ಟಿಸಿಯಲ್ಲಿ. ಬೇರೆಡೆ ಎರಡು ಸಲ ಸುತ್ತಿಸಿದ್ದ 63 ಕೆವಿಎ. ನೋ ಲೋಡ್ 290 ವ್ಯಾಟಿನ ಹತ್ತಿರ ಬಂತು. ಬಿಚ್ಚಿ ನೋಡಿದರೆ ಕೋರ್‌ನ ಮೇಲಿನ ಅಡ್ಡಭಾಗವಾದ ಯೋಕ್‌ನ ಪಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದರು. ಸಂದಿಗಳಲ್ಲಿ ಉಗುರು ತೂರುತ್ತಿತ್ತು. ಟಿಸಿಗಿಂತ ಮೊದಲೇ ಎಚ್‌ಟಿ ಕಡೆ ಮೀಟರ್ ಇರುವ ಗ್ರಾಹಕರಾದ್ದರಿಂದ ಹೆಚ್ಚುವರಿ 110 ವ್ಯಾಟ್ ಅವರ ಬಿಲ್ಲಿಗೇ ಬರುತ್ತಿತ್ತು: ವರ್ಷಕ್ಕೆ 960 ಯೂನಿಟ್, ಸುಮಾರು ಏಳು ಸಾವಿರ ರೂಪಾಯಿ. ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿ ಬಿಗಿದ ಮೇಲೆ 200ಕ್ಕೆ ಇಳಿಯಿತು. ಗಿರಣಿಯವರು ನಂಬದೆ ಬೆಂಗಳೂರಿನ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಿದರು. ಅವರ ಅಂಕಿಗೂ ನನ್ನದಕ್ಕೂ ವ್ಯತ್ಯಾಸ ಶೇಕಡಾ ಮೂರೋ ನಾಲ್ಕೋ. ಲ್ಯಾಬ್ ಮತ್ತು ಸಾಗಾಣಿಕೆಗೆ ಅವರಿಗಾದ ಖರ್ಚಿನಲ್ಲಿ ನನ್ನ ಮೀಟರ್ ಐದು ಬರುತ್ತಿತ್ತು.

ಅಡಿಕೆ ತೋಟಗಳಿಗೆ ನೋ ಲೋಡ್ ನಷ್ಟವೇ ಮುಖ್ಯ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೇಸಿಗೆಯಲ್ಲಿ ಪಂಪು, ಕೊಯ್ಲಿನಲ್ಲಿ ಸುಲಿಯುವ ಯಂತ್ರ. ಮಳೆಗಾಲದ ನಾಲ್ಕು ತಿಂಗಳು ದೀಪ ಬಿಟ್ಟರೆ ಲೋಡೇ ಇಲ್ಲ. ಕೋರ್ ಮಾತ್ರ ಹಗಲೂ ರಾತ್ರಿ ತಿನ್ನುತ್ತಲೇ ಇರುತ್ತದೆ.

ನಡುವೆ, ಟಿಸಿಯೊಳಗೆ ಹೋಗುವ ಗಾಳಿಯ ತೇವ ಹೀರುವ ಸಿಲಿಕಾ ಜೆಲ್ ಮೇಲೂ ಕೈಯಾಡಿಸಿದೆ. ಹೊಸನಗರ, ಆಗುಂಬೆ ಕಡೆ ಮಳೆ ಹಿಡಿದರೆ ನೀಲಿ ಜೆಲ್ ಬೇಗನೆ ಗುಲಾಬಿಯಾಗುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿದೆ. ನೀಲಿ ಮರಳಿತು, ಆದರೆ ಉರಿ ಜೋರಾದ ಒಂದು ಪಾಲು ಕಪ್ಪಾಗಿ ಕೆಟ್ಟಿತು. ತೇವದ ಎಣ್ಣೆಯ ಸುದ್ದಿಯನ್ನು ನನ್ನ ಮೀಟರ್ ಹೇಳುವುದಿಲ್ಲ. ಅದಕ್ಕೆ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಉಪಕರಣ) ಮತ್ತು ಬಿಡಿವಿ (ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆಂಬ) ಪರೀಕ್ಷೆಯೇ ಬೇಕು.

ಈಗ 250 ಕೆವಿಎ ಬಂದು ಕೂತಿದೆ. ಶಾರ್ಟ್ ಪರೀಕ್ಷೆಯಲ್ಲಿ 11 ಆಂಪಿಯರ್ ಹರಿಯುವುದರಿಂದ ನೇರವಾಗಿ ಕೊಡುವಂತಿಲ್ಲ. 15 ಆಂಪಿಯರನ್ನು 5ಕ್ಕೆ ಇಳಿಸುವ 15/5 ಸಿಟಿ ಮೂರು ತರಿಸಿದ್ದೇನೆ. ಸಿಟಿಯ ತಪ್ಪು ಎಷ್ಟು ಸೇರುತ್ತದೆಂದು ಮೊದಲು 100 ಕೆವಿಎಯನ್ನು ಸಿಟಿ ಇಟ್ಟು, ಇಡದೆ ಎರಡೂ ರೀತಿ ಅಳೆದು ಆಮೇಲೆ ಅದಕ್ಕೆ ಕೈಹಾಕುತ್ತೇನೆ.