ಡಾಂಬರು ಮುಗಿದ ಮೇಲೆ: ಮಾಮೂಲಿ ಕಾರವಾನ್ ಕಟ್ಟಿಕೊಂಡು ಔಟ್‌ಬ್ಯಾಕಿಗೆ ಹೊರಡುವ ಹೊಸಬರಿಗೆ

ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು ಎರಡು ಮೂರು ವರ್ಷ ಕಳೆದು, ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಮ್ಮವರಲ್ಲಿ ಅನೇಕರಿಗೆ ಒಂದು ಆಸೆ ಹುಟ್ಟುತ್ತದೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಅಂದರೆ ಸೆಕೆಂಡ್ ಹ್ಯಾಂಡ್ ಕಾರವಾನ್ ಒಂದನ್ನು ಕೊಂಡು, ಔಟ್‌ಬ್ಯಾಕ್ ಎನ್ನುವ ಈ ದೇಶದ ಒಣ ಒಡಲೊಳಗೆ ಹೋಗಿ ಬರಬೇಕು ಅಂತ. ಯುಗಾದಿ ಊಟಕ್ಕೆ ಸೇರಿದಾಗ ಯಾರಾದರೂ ಒಬ್ಬರು ತಟ್ಟೆ ಹಿಡಿದು ಪಕ್ಕಕ್ಕೆ ಬಂದು ಕೂತು ಕೇಳಿಯೇ ಕೇಳುತ್ತಾರೆ: "ಅಣ್ಣಾ, ನಮ್ಮದು ಮಾಮೂಲಿ ಕಾರವಾನು. ಮಣ್ಣುರಸ್ತೆಗೆ ತಗೊಂಡು ಹೋಗಬಹುದಾ?"

ಹೋಗಬಹುದು. ಆದರೆ ಎಲ್ಲಿಯವರೆಗೆ ಎಳೆಯುವುದು, ಎಲ್ಲಿ ಕಾರವಾನ್ ಬಿಚ್ಚಿಟ್ಟು ಬರೀ ಕಾರಿನಲ್ಲಿ ಮುಂದೆ ಹೋಗುವುದು ಎನ್ನುವುದು ಮನೆಯಲ್ಲಿ ಮ್ಯಾಪು ಹರಡಿಕೊಂಡು ಕೂತಾಗಲೇ ತೀರ್ಮಾನವಾಗಿರಬೇಕು. ದಾರಿಯ ಮಧ್ಯೆ ಆ ತೀರ್ಮಾನ ಮಾಡಲು ಹೋದರೆ ಜಾಗವೇ ಇರುವುದಿಲ್ಲ. ಕಿರಿದಾದ ಮಣ್ಣುರಸ್ತೆಯಲ್ಲಿ, ಎರಡೂ ಬದಿ ಸಡಿಲ ಮಣ್ಣಿರುವಾಗ, ಎರಡು ಟನ್ ಭಾರ ಹಿಂದೆ ಕಟ್ಟಿಕೊಂಡು ಗಾಡಿ ತಿರುಗಿಸುವುದು ಅನುಭವಸ್ಥರಿಗೂ ಕಷ್ಟ.

ಮಾಮೂಲಿ ಕಾರವಾನ್ ಅಂದರೆ ಡಾಂಬರಿಗಾಗಿ ಕಟ್ಟಿದ್ದು. ಕೆಳಗೆ ಲಾರಿಗಳಲ್ಲಿ ಕಾಣುವಂಥ ಪಟ್ಟಿ ಸ್ಪ್ರಿಂಗ್ ಇರುತ್ತದೆ, ಬಹಳಷ್ಟು ಗಾಡಿಗಳಲ್ಲಿ ಶಾಕ್ ಅಬ್ಸಾರ್ಬರ್ ಇರುವುದೇ ಇಲ್ಲ. ನೀರಿನ ಪ್ಲಾಸ್ಟಿಕ್ ಟ್ಯಾಂಕು, ಪೈಪು, ನಲ್ಲಿ ಎಲ್ಲ ಹೊಟ್ಟೆಯ ಕೆಳಗೆ ಕಲ್ಲಿಗೆ ಎದುರಾಗಿ ನೇತಾಡುತ್ತಿರುತ್ತವೆ. ಒಳಗಿನ ಕಪಾಟುಗಳು ತೆಳು ಪ್ಲೈವುಡ್, ಸಣ್ಣ ಸ್ಕ್ರೂ. ಹಳೆ ಗಾಡಿ ಮಾರುವವರು ಗೋಡೆಗೆ "ಆಫ್‌ರೋಡ್" ಸ್ಟಿಕ್ಕರ್ ಅಂಟಿಸಿದ್ದರೆ ಅದನ್ನು ನೋಡಿ ನಂಬಬೇಡಿ. ಬಗ್ಗಿ ಚಾಸಿಸ್ ಮತ್ತು ಸ್ಪ್ರಿಂಗ್ ನೋಡಿ.

ಮೊದಲು ಕಾಗದಪತ್ರ. ವಿಮೆಯ ಪಾಲಿಸಿಯಲ್ಲಿ "ಅನ್‌ಸೀಲ್ಡ್" (ಡಾಂಬರಿಲ್ಲದ ರಸ್ತೆ) ಎಂಬ ಪದ ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಿ ಓದಿ. ಕೆಲವು ಪಾಲಿಸಿಗಳು ಗೆಜೆಟ್ ಆದ, ಅಂದರೆ ಸರ್ಕಾರದ ಪಟ್ಟಿಯಲ್ಲಿರುವ ಮಣ್ಣುರಸ್ತೆಗಳಿಗೆ ಒಪ್ಪುತ್ತವೆ, ಕೆಲವು ಒಪ್ಪುವುದೇ ಇಲ್ಲ. ತಯಾರಕರ ವಾರಂಟಿಯೂ ಹಾಗೆಯೇ. ಕಾರವಾನ್ ಬಾಡಿಗೆಗೆ ತಗೊಂಡಿದ್ದರೆ ಹೆಚ್ಚಿನ ಒಪ್ಪಂದಗಳಲ್ಲಿ ಮಣ್ಣುರಸ್ತೆಗೆ ಅವಕಾಶವಿಲ್ಲ. ಅಂಥ ಗಾಡಿಯನ್ನು ಕದ್ದುಮುಚ್ಚಿ ಒಯ್ಯಬೇಡಿ, ಎಳೆದು ತರಿಸುವ ಖರ್ಚೇ ಸಾವಿರಾರು ಡಾಲರ್ ಆಗುತ್ತದೆ.

ಇನ್ನು ಭಾರ. ಊರಲ್ಲಿ ನಾವು ಯಾರೂ ಕಾರಿನ ಹಿಂದೆ ಇನ್ನೊಂದು ಮನೆ ಕಟ್ಟಿಕೊಂಡು ಓಡಿಸಿದವರಲ್ಲ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಕಾರವಾನಿನ ಪ್ಲೇಟಿನ ಮೇಲೆ ಎರಡು ಅಂಕಿ ನೋಡಿ. ಟೇರ್ ಅಂದರೆ ಖಾಲಿ ತೂಕ, ಎಟಿಎಂ ಅಂದರೆ ಎಲ್ಲ ತುಂಬಿದ ಮೇಲೆ ಮೀರಬಾರದ ತೂಕ. ನಮ್ಮದು ಟೇರ್ 1,750 ಕಿಲೋ, ಎಟಿಎಂ 2,200. ಮಧ್ಯೆ 450 ಕಿಲೋ ಉಳಿಯಿತಲ್ಲ, ಬೇಕಾದಷ್ಟಾಯಿತು ಅಂದುಕೊಂಡಿದ್ದೆವು. 80 ಲೀಟರಿನ ಎರಡು ಟ್ಯಾಂಕು ತುಂಬಿದರೆ 160 ಕಿಲೋ ಅಲ್ಲೇ ಹೋಯಿತು. ಎರಡು ಗ್ಯಾಸ್ ಸಿಲಿಂಡರು, ಬ್ಯಾಟರಿ, ಡೇರೆ, ಕುರ್ಚಿ, ಹಾಸಿಗೆ, 20 ಕಿಲೋ ಸೋನಾ ಮಸೂರಿ, ಮೇಲೆ ನನ್ನ ಹೆಂಡತಿ ಬಿಡದೆ ತಂದ ದೋಸೆ ಹೆಂಚು. ವೇಬ್ರಿಡ್ಜ್ ಮೇಲೆ ನಿಲ್ಲಿಸಿದಾಗ 2,240 ತೋರಿಸಿತು! ಮನೆಗೆ ವಾಪಸ್ ಬಂದು ಅರ್ಧ ಸಾಮಾನು ಇಳಿಸಿದೆವು. ನೀವೂ ಹೊರಡುವ ಮುಂಚೆ ಒಂದು ಸಲ ತೂಗಿಸಿಯೇ ಹೊರಡಿ.

ಕಾರಿನ ಹಿಂದೆ ಕಾರವಾನನ್ನು ಸಿಕ್ಕಿಸುವ ಗುಂಡು, ಅಂದರೆ ಟೋ ಬಾಲ್ ಮೇಲೆ ಕೂರುವ ಭಾರ ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಇರಬೇಕು. ಹಿಂಭಾಗಕ್ಕೆ ಹೆಚ್ಚು ಹೇರಿದರೆ ಮೂಗು ಹಗುರಾಗಿ, ವೇಗದಲ್ಲಿ ಕಾರವಾನ್ ಬಾಲ ಬೀಸತೊಡಗುತ್ತದೆ. ಅಕ್ಕಿ, ಬೇಳೆ, ನೀರಿನಂಥ ಭಾರದ ಸಾಮಾನು ಚಕ್ರದ ನೇರಕ್ಕೆ, ನೆಲಮಟ್ಟದಲ್ಲಿ ಇರಲಿ. ಕಾರವಾನಿನ ಬ್ರೇಕನ್ನು ಕಾರಿನ ಒಳಗಿಂದ ನಿಯಂತ್ರಿಸುವ ಗುಂಡಿ ಇರುತ್ತದಲ್ಲ, ಜಲ್ಲಿಗೆ ಇಳಿಯುವಾಗ ಅದನ್ನು ಸ್ವಲ್ಪ ಕಡಿಮೆ ಮಾಡಿ. ಡಾಂಬರಿನ ಲೆಕ್ಕದಲ್ಲೇ ಬಿಟ್ಟರೆ ಸಡಿಲ ಕಲ್ಲಿನ ಮೇಲೆ ಚಕ್ರ ಲಾಕ್ ಆಗಿ ಜಾರುತ್ತದೆ.

ಈಗ ಮುಖ್ಯ ಮಾತು, ಕಾರುಗೇಶನ್. ಜಿಂಕ್ ಶೀಟಿನ ಮೇಲೆ ಇರುತ್ತದಲ್ಲ ಅಲೆ ಅಲೆ, ಒಣ ಮಣ್ಣುರಸ್ತೆಯ ಮೇಲೂ ಅಂಥದ್ದೇ ಬೀಳುತ್ತದೆ. ಓಡುವ ಚಕ್ರ ಸಣ್ಣ ಉಬ್ಬಿನ ಮೇಲೆ ನೆಗೆದು ಬೀಳುತ್ತದೆ, ಬಿದ್ದಲ್ಲಿ ಮಣ್ಣು ತಗ್ಗಾಗುತ್ತದೆ, ಮುಂದಿನ ಚಕ್ರ ಅದನ್ನು ಇನ್ನಷ್ಟು ಆಳ ಮಾಡುತ್ತದೆ. "ಎಂಬತ್ತು ತೊಂಬತ್ತರಲ್ಲಿ ಹೊಡಿ, ಅಲೆಗಳ ಮೇಲೆ ತೇಲಿಕೊಂಡು ಹೋಗುತ್ತದೆ" ಅಂತ ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಳ್ಳೆಯ ಸಸ್ಪೆನ್ಷನ್ ಇರುವ ಬರೀ ಕಾರಿಗೆ ಆ ಮಾತು ಒಂದಷ್ಟು ನಿಜ. ಶಾಕ್ ಅಬ್ಸಾರ್ಬರ್ ಇಲ್ಲದ ಕಾರವಾನ್ ಎಳೆಯುವವರು ಅದನ್ನು ಕೇಳಲೇಬಾರದು. ಕಾರು ತೇಲುತ್ತದೆ, ಹಿಂದಿನದು ಒದ್ದಾಡುತ್ತದೆ, ಮುಂದೆ ಕೂತವರಿಗೆ ಅದು ತಿಳಿಯುವುದೂ ಇಲ್ಲ.

ನಮಗೆ ತಿಳಿದದ್ದು ಕೂಬರ್ ಪೀಡಿಯಿಂದ ವಿಲಿಯಂ ಕ್ರೀಕಿಗೆ ಹೋಗುವ ದಾರಿಯಲ್ಲಿ. ಸುಮಾರು 166 ಕಿಲೋಮೀಟರ್, ಪೂರ್ತಿ ಮಣ್ಣು. ಜುಲೈ ತಿಂಗಳು, ತಂಪು ಹವೆ, ಆಕಾಶ ತೊಳೆದಿಟ್ಟ ಹಾಗಿತ್ತು. ಡಾಂಬರಿಗೆ ಅಂತ ಟೈರಿಗೆ ಹಾಕಿದ ಗಾಳಿಯಲ್ಲೇ, 80ರ ವೇಗದಲ್ಲಿ ಹೋದೆ. ನಲವತ್ತು ಕಿಲೋಮೀಟರ್ ಆದ ಮೇಲೆ ಟೀ ಮಾಡೋಣ ಅಂತ ನಿಲ್ಲಿಸಿ ಕಾರವಾನ್ ಬಾಗಿಲು ತೆಗೆದರೆ, ಡ್ರಾಯರು ಕಿತ್ತು ಕೆಳಗೆ ಬಿದ್ದಿತ್ತು. ಸ್ಟೀಲ್ ಡಬ್ಬಿಗಳ ಮುಚ್ಚಳ ಹಾರಿ ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣು ನೆಲದ ಮೇಲೆಲ್ಲ ಹರಡಿದ್ದವು. ಫ್ರಿಜ್ ಬಾಗಿಲು ತೆರೆದುಕೊಂಡು ಮೊಸರು ಸುರಿದಿತ್ತು. ಅದರ ಮೇಲೆ ಒಂದು ಪದರ ಕೆಂಪು ಧೂಳು, ಕುಂಕುಮ ಚೆಲ್ಲಿದ ಹಾಗೆ. ನನ್ನ ಹೆಂಡತಿ ಏನೂ ಮಾತಾಡದೆ ಬಗ್ಗಿ ಬೇಳೆ ಬಾಚತೊಡಗಿದಳು. ಆವತ್ತು ನನಗೆ ಆದ ಸಂಕಟ ಇನ್ನೂ ನೆನಪಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮತ್ತೆ ಹೊರಟು ಇಪ್ಪತ್ತು ನಿಮಿಷಕ್ಕೆ ಹಿಂದೆ ಢಬ್ ಅಂತ ಸದ್ದು, ಕಾರಿನ ಹಿಂದಿನ ಗಾಜು ಪೂರ್ತಿ ಪುಡಿ. ಎದುರಿನಿಂದ ಒಂದು ಗಾಡಿಯೂ ಬಂದಿರಲಿಲ್ಲ. ಆಗಿದ್ದು ಇಷ್ಟು: ನಮ್ಮ ಕಾರಿನ ಹಿಂದಿನ ಚಕ್ರ ಎಸೆದ ಕಲ್ಲು ಕಾರವಾನಿನ ಮುಂಗೋಡೆಗೆ ಬಡಿದು, ಅಲ್ಲಿಂದ ಚಿಮ್ಮಿ ಬಂದು ನಮ್ಮದೇ ಗಾಜಿಗೆ ಬಿತ್ತು. ಮಣ್ಣುರಸ್ತೆಯಲ್ಲಿ ಕಾರವಾನ್ ಎಳೆಯುವವರಿಗೆ ಇದು ಬಹಳ ಸಾಮಾನ್ಯವಾದ ನಷ್ಟ, ನಮಗೆ ಮಾತ್ರ ಮೊದಲೇ ಯಾರೂ ಹೇಳಿರಲಿಲ್ಲ. ಕಾರಿಗೂ ಕಾರವಾನಿಗೂ ನಡುವೆ ಕಟ್ಟುವ ಜಾಲರಿಯಂಥ ಕಲ್ಲುತಡೆ ಸಿಗುತ್ತದೆ, ಅದನ್ನು ಹಾಕಿಸಿ. ಒಂದೇ ಸಲದ ಪ್ರಯಾಣವಾದರೆ ಹಿಂದಿನ ಗಾಜಿಗೆ ದಪ್ಪ ರಟ್ಟು ಕತ್ತರಿಸಿ ಟೇಪ್ ಹಾಕಿ ಭದ್ರವಾಗಿ ಅಂಟಿಸಿ. ಆಗ ಹಿಂದೆ ಕಾಣುವುದು ಅಕ್ಕಪಕ್ಕದ ಕನ್ನಡಿಗಳಲ್ಲಿ ಮಾತ್ರ. ಕಾರವಾನಿನ ಅಗಲಕ್ಕೆ ತಕ್ಕಂತೆ ಹೊರಚಾಚುವ ಕನ್ನಡಿ ಹೇಗೂ ಬೇಕೇ ಬೇಕು.

ಅವತ್ತಿನಿಂದ ನಾನು ಡಾಂಬರು ಮುಗಿಯುವ ಜಾಗದಲ್ಲಿ ಗಾಡಿ ನಿಲ್ಲಿಸಿ ಗಾಳಿ ಇಳಿಸುತ್ತೇನೆ. ನನ್ನ ಕಾರಿಗೆ 38 ಪೌಂಡು ಇದ್ದದ್ದನ್ನು 28ಕ್ಕೆ, ಕಾರವಾನಿಗೆ 50 ಇದ್ದದ್ದನ್ನು 38ಕ್ಕೆ ತರುತ್ತೇನೆ. ನಿಮ್ಮ ಟೈರು, ನಿಮ್ಮ ಭಾರಕ್ಕೆ ಅಂಕಿ ಬೇರೆಯಾಗುತ್ತದೆ, ಸುಮಾರು ಕಾಲು ಭಾಗ ಕಡಿಮೆ ಅಂತ ಹಿಡಿದು ಶುರುಮಾಡಿ. ಗಾಳಿ ಇಳಿದ ಟೈರು ನೆಲಕ್ಕೆ ಉದ್ದವಾಗಿ ಕೂತು ಅಲೆಯ ಪೆಟ್ಟನ್ನು ತಾನೇ ನುಂಗುತ್ತದೆ, ಚೂಪುಗಲ್ಲಿನ ಮೇಲೆ ಸಿಡಿಯುವ ಬದಲು ಬಾಗುತ್ತದೆ. ಆದರೆ ಕಡಿಮೆ ಗಾಳಿಯಲ್ಲಿ ವೇಗ ಹೋದರೆ ಟೈರು ಕಾದು ಹಾಳಾಗುತ್ತದೆ. ಹಾಗಾಗಿ ಒರಟು ಜಾಗದಲ್ಲಿ 50, 60, ಎಷ್ಟೇ ಚೆನ್ನಾಗಿರುವ ಜಾಗದಲ್ಲೂ 80 ದಾಟಬೇಡಿ. ಮತ್ತೆ ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಿಕೊಳ್ಳಲು ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಜೊತೆಗಿರಲಿ. ಕಾರಿಗೂ ಕಾರವಾನಿಗೂ ಬೇರೆ ಬೇರೆ ಸ್ಟೆಪ್ನಿ, ಕಾರವಾನ್ ಎತ್ತುವಂಥ ಜಾಕು, ಜಾಕಿನ ಕೆಳಗೆ ಇಡಲು ಅಗಲವಾದ ಹಲಗೆಯೂ ಇರಲಿ.

ಗಂಟೆಗೊಮ್ಮೆ ನಿಲ್ಲಿಸಿ ಸುತ್ತು ಹಾಕಿ. ಪ್ರತಿ ಚಕ್ರದ ಮಧ್ಯದ ಹಬ್ ಬಳಿ ಅಂಗೈ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ. ಮೂರು ಚಕ್ರ ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗ್ ಇಲ್ಲವೇ ಬ್ರೇಕ್ ತೊಂದರೆ, ಮುಂದೆ ಹೋಗಬೇಡಿ. ನಟ್ಟು ಬಿಗಿ ಇದೆಯಾ, ಸ್ಪ್ರಿಂಗ್ ಪಟ್ಟಿ ಸೀಳಿದೆಯಾ, ಟ್ಯಾಂಕಿನಿಂದ ನೀರು ತೊಟ್ಟಿಕ್ಕುತ್ತಿದೆಯಾ ನೋಡಿ. ಕುಡಿಯುವ ನೀರನ್ನು ಮಾತ್ರ ಎಂದೂ ಆ ಟ್ಯಾಂಕಿಗೆ ನಂಬಿ ಬಿಡಬೇಡಿ. 20 ಲೀಟರಿನ ಕ್ಯಾನುಗಳಲ್ಲಿ ತುಂಬಿ ಕಾರಿನೊಳಗೆ ಇಟ್ಟುಕೊಳ್ಳಿ.

ಧೂಳಿನ ಬಗ್ಗೆ ಒಂದು ಮಾತು. ಓಡುವ ಕಾರವಾನ್ ತನ್ನ ಸುತ್ತ ಏಳುವ ಧೂಳನ್ನು ಬಾಗಿಲ ಸಂದಿನಿಂದ, ಪೈಪಿನ ತೂತಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಮುಂದಕ್ಕೆ ತೆರೆಯುವ ಛಾವಣಿ ಕಿಂಡಿ ಇದ್ದರೆ ಎರಡು ಬೆರಳಷ್ಟು ತೆರೆದಿಡಿ, ಮೇಲಿನ ಶುದ್ಧ ಗಾಳಿ ಒಳಗೆ ತುಂಬಿ ಧೂಳನ್ನು ಹೊರಗೇ ತಡೆಯುತ್ತದೆ. ಬಾಗಿಲ ಬುಡದ ಗಾಳಿಕಿಂಡಿಯನ್ನು ಸಿಲಿಕಾನ್ ಹಾಕಿ ಶಾಶ್ವತವಾಗಿ ಮುಚ್ಚಿಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ನಿಲ್ಲುತ್ತದೆ, ಅದು ಹೊರಗೆ ಹೋಗಲೆಂದೇ ಆ ಕಿಂಡಿ ಇರುವುದು. ಗ್ಯಾಸ್ ಆಫ್ ಮಾಡಿ ಓಡಿಸುವಾಗ ಬಟ್ಟೆ ತುರುಕಿ, ನಿಲ್ಲಿಸಿದ ಕೂಡಲೇ ತೆಗೆಯಿರಿ.

ಎದುರಿನಿಂದ ರೋಡ್ ಟ್ರೇನ್ ಬಂದರೆ, ಅಂದರೆ 53.5 ಮೀಟರ್ ಉದ್ದದವರೆಗೂ ಇರುವ ಲಾರಿ ಸರಪಳಿ, ವೇಗ ಇಳಿಸಿ ಗಟ್ಟಿ ನೆಲ ಇರುವಲ್ಲಿ ಎಡಕ್ಕೆ ಸರಿದು ನಿಂತುಬಿಡಿ. ಅದರ ಹಿಂದಿನ ಧೂಳಿನಲ್ಲಿ ಇನ್ನೊಂದು ಗಾಡಿ ಇರಬಹುದು. ಯುಎಚ್‌ಎಫ್ ರೇಡಿಯೋದಲ್ಲಿ ಲಾರಿಯವರು ಚಾನೆಲ್ 40ರಲ್ಲಿ, ಕಾರವಾನಿನವರು 18ರಲ್ಲಿ ಮಾತಾಡುತ್ತಾರೆ. 5 ಮತ್ತು 35 ತುರ್ತಿಗೆ ಮಾತ್ರ. ಮೊಬೈಲ್ ಸಿಗ್ನಲ್ ಊರು ಬಿಟ್ಟರೆ ಇಲ್ಲ ಅಂತಲೇ ಲೆಕ್ಕ ಹಾಕಿ. ಪಿಎಲ್‌ಬಿ ಎಂಬ, ಉಪಗ್ರಹದ ಮೂಲಕ ನೀವಿರುವ ಜಾಗ ತಿಳಿಸುವ ಅಂಗೈಯಗಲದ ತುರ್ತು ಸಾಧನ ಕೊಂಡು ನೋಂದಾಯಿಸಿ, ನೋಂದಣಿಗೆ ದುಡ್ಡಿಲ್ಲ. ಗಾಡಿ ಕೆಟ್ಟು ನಿಂತರೆ ನಡೆದು ಹೊರಡಲೇಬೇಡಿ. ಮೇಲಿನಿಂದ ಹುಡುಕುವವರಿಗೆ ಬಿಳಿ ಕಾರವಾನ್ ಕಾಣುತ್ತದೆ, ನಡೆಯುವ ಮನುಷ್ಯ ಕಾಣುವುದಿಲ್ಲ. ಇಲ್ಲಿನ ಒಳನಾಡಿನ ಊರು ಊಡ್ನಡಾಟ್ಟಾದಲ್ಲಿ 1960ರ ಜನವರಿಯಲ್ಲಿ 50.7 ಡಿಗ್ರಿ ದಾಖಲಾಗಿದೆ. ಆ ಕಡೆ ಬೇಸಿಗೆಯಲ್ಲಿ ಕಾಲಿಡಬೇಡಿ, ಮೇ ತಿಂಗಳಿಂದ ಆಗಸ್ಟ್ ಒಳ್ಳೆಯದು. ಮಳೆ ಬಿದ್ದರೆ ಮಣ್ಣು ಅರೆದ ಹಿಟ್ಟಿನಂತಾಗಿ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ, ರಸ್ತೆ ಮುಚ್ಚುತ್ತಾರೆ. ಮುಚ್ಚಿದ ರಸ್ತೆಗೆ ಇಳಿದರೆ ದಂಡ ಬೀಳುತ್ತದೆ. ಹೊರಡುವ ದಿನ ಬೆಳಿಗ್ಗೆ ಸರ್ಕಾರದ ರಸ್ತೆ ವರದಿ ನೋಡಿಕೊಳ್ಳಿ.

ಮೆಲ್ಬರ್ನ್, ಸಿಡ್ನಿಯಿಂದ ಬರುವವರಿಗೆ: ಚಿತ್ರಾನ್ನಕ್ಕೆ ಅಂತ ನಿಂಬೆಹಣ್ಣು ತರಬೇಡಿ. ಹಣ್ಣಿನ ನೊಣದ ಭಯದಿಂದ ದಕ್ಷಿಣ ಆಸ್ಟ್ರೇಲಿಯಾದ ಗಡಿಯಲ್ಲಿ ಹಣ್ಣುಗಳನ್ನು ತಡೆಯುತ್ತಾರೆ. ಹುಣಸೆ ಗೊಜ್ಜು ಮಾಡಿಕೊಂಡು ಬನ್ನಿ.

ಮೊದಲ ಸಲ ಎಲ್ಲಿಗೆ ಹೋಗಬೇಕು? ಡಾಂಬರಿನ ಮೇಲೆಯೇ ಔಟ್‌ಬ್ಯಾಕ್ ಬೇಕಾದಷ್ಟಿದೆ. ಪೋರ್ಟ್ ಆಗಸ್ಟಾದಿಂದ ಡಾರ್ವಿನ್‌ವರೆಗೆ ಸ್ಟುವರ್ಟ್ ಹೈವೇ ಪೂರ್ತಿ ಡಾಂಬರು, ಉಲುರುವಿನ ದಾರಿಯೂ ಡಾಂಬರೇ. ಫ್ಲಿಂಡರ್ಸ್ ಬೆಟ್ಟಗಳ ವಿಲ್ಪೀನಾಗೆ ಡಾಂಬರಿನಲ್ಲಿ ಹೋಗಿ ಕಾರವಾನ್ ಅಲ್ಲಿ ನಿಲ್ಲಿಸಿ, ಬ್ರಾಚೀನಾ ಕಣಿವೆಯ ಕಲ್ಲುದಾರಿಗೆ ಬರೀ ಕಾರಿನಲ್ಲಿ ಇಳಿಯಿರಿ. ಮರೀಯಿಂದ ಮಾರ್ಲಾವರೆಗಿನ ಊಡ್ನಡಾಟ್ಟಾ ಟ್ರ್ಯಾಕ್ ಸುಮಾರು 620 ಕಿಲೋಮೀಟರ್, ಮಧ್ಯೆ ಡೀಸೆಲ್ ಸಿಗುವುದು ಸುಮಾರು 200 ಕಿಲೋಮೀಟರಿಗೊಮ್ಮೆ. ರಸ್ತೆ ಸಮಮಾಡುವ ಯಂತ್ರ, ಗ್ರೇಡರ್, ಹೊಸದಾಗಿ ಹೊಡೆದಾಗ ಮಾಮೂಲಿ ಕಾರವಾನುಗಳೂ ಅದನ್ನು ದಾಟುತ್ತವೆ, ಅಲೆ ಬಿದ್ದ ಮೇಲೆ ನಾನು ಒಯ್ಯುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಗಿಬ್ ರಿವರ್ ರೋಡಿಗಂತೂ ಮಾಮೂಲಿ ಕಾರವಾನ್ ಬೇಡವೇ ಬೇಡ.

ಕಳೆದ ಸಲ ನಾವು ಕಾರವಾನನ್ನು ಕೂಬರ್ ಪೀಡಿಯ ಕಾರವಾನ್ ಪಾರ್ಕಿನಲ್ಲಿ ಬಿಟ್ಟು, ಸಣ್ಣ ಡೇರೆಯೊಂದನ್ನು ಹಾಕಿಕೊಂಡು ಅದೇ ವಿಲಿಯಂ ಕ್ರೀಕಿಗೆ ಹೋದೆವು. ಅಲ್ಲಿಂದ ಪುಟ್ಟ ವಿಮಾನದಲ್ಲಿ ಕಾಟಿ ಥಂಡಾ–ಲೇಕ್ ಐರ್ ಎಂಬ ಉಪ್ಪಿನ ಸರೋವರದ ಮೇಲೆ ಹಾರಿದಾಗ, ಉಪ್ಪಿನ ಬಿಳುಪು ಕಣ್ಣು ಹಾಯುವಷ್ಟು ದೂರಕ್ಕೂ ಹಬ್ಬಿತ್ತು. ನನ್ನ ಮಗಳು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಮೂರನೇ ದಿನ ಪಾರ್ಕಿಗೆ ವಾಪಸ್ ಬಂದು ಕಾರವಾನ್ ಬಾಗಿಲು ತೆಗೆದರೆ, ಡಬ್ಬಿಗಳು ಇಟ್ಟಲ್ಲೇ ಇದ್ದವು. ಬೇಳೆ ಬೇಯಿಸಿ ಬಿಸಿ ಸಾರು ಮಾಡಿ ಉಂಡೆವು.