ಕಾಫಿ ಕಣದಲ್ಲಿ ಸಿಎಂಬಿ: ಡಿಶ್ ಎಲ್‌ಎನ್‌ಬಿಯಲ್ಲಿ 3 ಕೆಲ್ವಿನ್ ಅಳೆದ ನನ್ನ ಅನುಭವ

ಸಿಎಂಬಿ, ಅಂದ್ರೆ ಬಿಗ್ ಬ್ಯಾಂಗ್ ಆದಮೇಲೆ ಉಳಿದು ಇಡೀ ಆಕಾಶ ತುಂಬಿರೋ ಮೈಕ್ರೋವೇವ್ ಬೆಳಕಿನ ಶಾಖ, ಕೊನೆಗೂ ಅಳತೆಗೆ ಬಂತು. ಒಂದು ರಾತ್ರಿ 2 ಕೆಲ್ವಿನ್ (ಸೊನ್ನೆ ಕೆಲ್ವಿನ್ ಅಂದ್ರೆ ಮೈನಸ್ 273 ಡಿಗ್ರಿ), ಇನ್ನೊಂದು ರಾತ್ರಿ 4, ಆಕಾಶ ಚೆನ್ನಾಗಿದ್ದಾಗ 3ರ ಅಕ್ಕಪಕ್ಕ. ನಿಜವಾದ ಲೆಕ್ಕ 2.725. ಮಡಿಕೇರಿ ಹತ್ತಿರದ ಒಂದು ಕಾಫಿ ಕಣದಲ್ಲಿ, ಟಿವಿ ಡಿಶ್‌ನ ಎದುರಿಗೆ ಸಿಗ್ನಲ್ ಹಿಡಿಯೋ ಡಬ್ಬಿ, ಅಂದ್ರೆ ಎಲ್‌ಎನ್‌ಬಿ, ಇಟ್ಟುಕೊಂಡು ಇಷ್ಟು ಹತ್ತಿರ ಬಂದಿದ್ದೇನೆ ಅಂದ್ರೆ ಸ್ವಲ್ಪ ಜಂಬ ಪಡಬಹುದು ಅಲ್ವಾ? "ಇದನ್ನೆಲ್ಲ ದಕ್ಷಿಣ ಧ್ರುವದಲ್ಲಿ, ಅಟಕಾಮಾ ಮರುಭೂಮಿಯಲ್ಲಿ ಮಾಡ್ತಾರೆ ಮಾರಾಯ, ನೀನು ಮೋಡದೊಳಗೆ ಕೂತು ಮಾಡ್ತೀಯಾ?" ಅಂತ ನಕ್ಕವರು ಈಗ ನನ್ನ ಹಾರ್ನ್‌ನ (ಆಕಾಶದ ಸಿಗ್ನಲ್ ಒಳಗೆಳೆಯೋ ತುತ್ತೂರಿಯಂಥ ಬಾಯಿ) ಅಳತೆ ಕೇಳ್ತಿದ್ದಾರೆ.

ನನಗೆ ಈ ಹುಚ್ಚು ಹತ್ತಿದ್ದು ಆದಿ ಗುರುತ್ವ ಅಲೆಗಳಿಂದ, ಅಂದ್ರೆ ವಿಶ್ವ ಹುಟ್ಟಿದ ಕ್ಷಣದಲ್ಲೇ ಎದ್ದಿರಬಹುದಾದ ಅಲೆಗಳಿಂದ. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ ಬಿ-ಮೋಡ್ (ಆ ಅಲೆಗಳು ಸಿಎಂಬಿ ಬೆಳಕಿನ ಕಂಪನದ ದಿಕ್ಕಿನಲ್ಲಿ ಬಿಡೋ ಸುಳಿಯಂಥ ಗುರುತು) ಸಿಕ್ಕಿತು, ಆರ್ (ಆ ಅಲೆಗಳ ಬಲದ ಅಳತೆ) ಬೆಲೆ 0.2 ಅಂದಿತು. ಮುಂದಿನ ವರ್ಷ ಪ್ಲಾಂಕ್ ಉಪಗ್ರಹದ ಡೇಟಾ ಜೊತೆ ಸೇರಿಸಿ ನೋಡಿದರೆ ಬಹುಪಾಲು ನಮ್ಮ ಗೆಲಾಕ್ಸಿಯದೇ ಧೂಳು. 2021ಕ್ಕೆ ಅದೇ ತಂಡ ಆರ್ 0.036ಕ್ಕಿಂತ ಕಡಿಮೆ ಅಂತ ಹೇಳಿತು. ಅಂದ್ರೆ 3 ಕೆಲ್ವಿನ್ ಬೆಳಕಿನಲ್ಲಿ ಮೂರು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಸಣ್ಣ ತಿರುವು ಹುಡುಕಬೇಕು. ಅದು ನಮ್ಮ ನಿಮ್ಮ ಕೈಯಲ್ಲಿ ಆಗೋದಲ್ಲ. ಆದರೆ ಆ ಅಲೆಯ ಗುರುತು ಇದ್ದರೆ ಇರೋದು ಈ ಬೆಳಕಿನ ಮೇಲೆ ತಾನೆ, ಬೆಳಕನ್ನಾದರೂ ಅಳೆಯೋಣ ಅಂತ ಇಳಿದೆ.

ಎಲ್‌ಎನ್‌ಬಿ ತಾನೇ ಸೇರಿಸೋ ಸದ್ದು 0.1 ಡಿಬಿ (ಡೆಸಿಬೆಲ್) ಅಂತ ಅದರ ಮೇಲೆ ಅಚ್ಚು ಹಾಕಿರ್ತಾರೆ. ನಂಬಬೇಡಿ. ನನಗೆ ಸಿಕ್ಕಿದ್ದು 70 ಕೆಲ್ವಿನ್ ಹತ್ತಿರ, ಅಂದ್ರೆ ಸುಮಾರು 1 ಡಿಬಿ. ಮುನ್ನೂರು ನಾನೂರು ರೂಪಾಯಿಗೆ ಸಿಗುತ್ತೆ, ನಾಲ್ಕೈದು ತಂದು ಒಳ್ಳೇದನ್ನ ಆರಿಸಿಕೊಳ್ಳಿ. ಮುಂದಿನ ಫೀಡ್ (ಸಿಗ್ನಲ್ ಒಳಗೆ ಹೋಗೋ ಮೂತಿ) ಕತ್ತರಿಸಿ, ಕುಶಾಲನಗರದಲ್ಲಿ ತಗಡಿನ ಕೋನ್ ಹಾರ್ನ್ ಮಾಡಿಸಿ ಕೂರಿಸಿದೆ. ಬಾಯಿ 25 ಸೆಂಟಿಮೀಟರ್. ಗಂಟಲಿನ ಹತ್ತಿರ ಬೆಸುಗೆ ಹೇಗೆ ಹಾಕಿಸಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಅದಕ್ಕೆ ಒಂದು ಮಳೆಗಾಲ ಪೂರ್ತಿ ಹೋಗಿದೆ.

ಲೆಕ್ಕ ಇಷ್ಟೇ. ನೆತ್ತಿಯ ಆಕಾಶ ಒಟ್ಟು 9 ಕೆಲ್ವಿನ್ ತೋರಿಸಿತು. ಹಾರ್ನ್ ದಿಗಂತದ ಕಡೆ ಬಾಗಿಸಿದಷ್ಟೂ ಎದುರಿನ ಗಾಳಿ ಜಾಸ್ತಿ, ಹಾಗೆ ಇಳಿಸುತ್ತಾ ಹೋಗಿ ಗಾಳಿಯ ಪಾಲು ತೆಗೆದರೆ ಅದು ನಾಲ್ಕೂವರೆ. ಪಕ್ಕದಿಂದ ನುಗ್ಗೋ ನೆಲದ ಶಾಖ ಒಂದೂವರೆ. ಉಳಿದಿದ್ದು ಸಿಎಂಬಿ. ಜಗಳ ಎಲ್ಲಿ ಅಂದ್ರೆ, ಎಲ್‌ಎನ್‌ಬಿಯ 70, ಆಕಾಶದ 9 ಸೇರಿದ ಸುಮಾರು 80 ಕೆಲ್ವಿನ್‌ನಲ್ಲಿ 3 ಅಂದ್ರೆ ಬರೀ 0.16 ಡಿಬಿ. ಸಂಜೆ ಏಳಕ್ಕೂ ಹತ್ತಕ್ಕೂ ನಡುವೆ ನಮ್ಮಲ್ಲಿ ಚಳಿ ಇಳಿಯೋ ವೇಗಕ್ಕೆ ಎಲ್‌ಎನ್‌ಬಿಯ ಗೇನ್ (ಸಿಗ್ನಲ್ ಹಿಗ್ಗಿಸೋ ಪ್ರಮಾಣ) ಅದಕ್ಕಿಂತ ಜಾಸ್ತಿ ಅಲ್ಲಾಡುತ್ತೆ. ಮೊದಲ ಚಳಿಗಾಲದ ಡೇಟಾ ಪೂರ್ತಿ ಕಸಕ್ಕೆ ಹೋಯಿತು. ಆಮೇಲೆ ಕೋಳಿಮೊಟ್ಟೆ ಮರಿ ಮಾಡಿಸೋ ಇನ್‌ಕ್ಯುಬೇಟರ್‌ಗೆ ಹಾಕ್ತಾರಲ್ಲ, ಆ ಥರ್ಮೋಸ್ಟ್ಯಾಟ್ ತಂದು ಎಲ್‌ಎನ್‌ಬಿಯನ್ನ ಡಬ್ಬಿಯೊಳಗೆ 40 ಡಿಗ್ರಿಯಲ್ಲಿ ಬೆಚ್ಚಗೆ ಕೂರಿಸಿದೆ. ಇನ್ನೂರು ಚಿಲ್ಲರೆ ಖರ್ಚು. ಅರ್ಧ ಸಮಸ್ಯೆ ಅಲ್ಲೇ ಹೋಯಿತು.

ಇನ್ನರ್ಧ ಕೋಲ್ಡ್ ಲೋಡ್, ಅಂದ್ರೆ ಅಳತೆ ತಾಳೆ ನೋಡೋಕೆ ಬೇಕಾದ, ಶಾಖ ಎಷ್ಟು ಅಂತ ಗೊತ್ತಿರೋ ತಣ್ಣನೆ ವಸ್ತು. ದ್ರವ ನೈಟ್ರೋಜನ್ ಇಲ್ಲದೆ ಈ ಕೆಲಸ ಆಗಲ್ಲ, ಸಾವಿರಾರು ರೂಪಾಯಿ ಸಾಗಾಣಿಕೆ ಕೊಟ್ಟು ಬೆಂಗಳೂರಿಂದ ತರಿಸಬೇಕು ಅಂತ ಎಲ್ಲರೂ ಹೆದರಿಸಿದ್ದರು. ಯಾರಿಗೂ ಹೊಳೆಯದೇ ಇದ್ದದ್ದು ಏನಂದ್ರೆ, ಹಸುಗಳಿಗೆ ಇಂಜೆಕ್ಷನ್ ಕೊಟ್ಟು ಗಬ್ಬ ಕಟ್ಟಿಸೋಕೆ ಬರ್ತಾರಲ್ಲ, ಅವರು ವೀರ್ಯದ ಕಡ್ಡಿ ಇಟ್ಟುಕೊಂಡು ಓಡಾಡೋದೇ ದ್ರವ ನೈಟ್ರೋಜನ್ ಕ್ಯಾನಿನಲ್ಲಿ! ನಮ್ಮ ಕಡೆ ಬರೋ ಅಣ್ಣನನ್ನ ಕೇಳಿದೆ. "ಹಸು ಎಲ್ಲಿ?" ಅಂದರು. ಹಸು ಇಲ್ಲ, ಆಕಾಶಕ್ಕೆ ಅಂದೆ. ಒಂಥರಾ ನೋಡಿದರು, ಆದರೆ ಅವರಿಗೆ ತಂದುಕೊಡೋ ಕಡೆ ಹೇಳಿ ನನಗೂ ಒಂದಷ್ಟು ಜಾಸ್ತಿ ತರಿಸಿಕೊಟ್ಟರು. ಲೀಟರಿಗೆ ನೂರರ ಆಸುಪಾಸು ಬಿತ್ತು. ನೆನಪಿರಲಿ, ನಮ್ಮ ಎತ್ತರದಲ್ಲಿ ಅದು ಕುದಿಯೋದು 77ಕ್ಕೆ ಅಲ್ಲ, 76ರ ಹತ್ತಿರ. ಮುಚ್ಚಿದ ರೂಮಿನಲ್ಲಿ ಮಾತ್ರ ಬಗ್ಗಿಸಬೇಡಿ, ಉಸಿರು ಕಟ್ಟುತ್ತೆ.

ಪೆಟ್ಟಿಗೆಗೆ ಮಾರ್ಕೆಟ್‌ನ ಮೀನಿನ ಥರ್ಮೋಕೋಲ್ ಡಬ್ಬ. ಒಳಗೆ ಅಬ್ಸಾರ್ಬರ್ (ಮೈಕ್ರೋವೇವ್ ಹೀರೋ ವಸ್ತು) ದ್ರವ ನೈಟ್ರೋಜನ್‌ನಲ್ಲಿ ನೆನೆಸಿ, ಹಾರ್ನ್ ಬಾಯಿಯ ಮೇಲಿಟ್ಟು, ತಳದ ಥರ್ಮೋಕೋಲ್ ಮೂಲಕವೇ ನೋಡೋದು. ಮೊದಲನೇದು ಬೆವರಿದ ಹಾಗೆ ತಳದಿಂದ ಸೋರಿತು. ಸೋರದ ಹಾಗೆ ಏನು ಬಳಿದೆ ಅನ್ನೋದನ್ನೂ ಈಗ ಹೇಳಲ್ಲ. ತಳಕ್ಕೆ ಹಿಮ ಕಟ್ಟೋ ಮೊದಲು ಓದಿ ಮುಗಿಸಬೇಕು, ಅರ್ಧ ನಿಮಿಷ ಸಿಕ್ಕರೆ ಪುಣ್ಯ. ಬಿಸಿ ಲೋಡ್‌ಗೂ (ಹೊರಗಿನ ಗಾಳಿಯಷ್ಟೇ ಶಾಖದ ಅಬ್ಸಾರ್ಬರ್) ಇದಕ್ಕೂ ಎರಡೂವರೆ ಪಟ್ಟು ವ್ಯತ್ಯಾಸ ಬಂದರೆ ಸರಿ ಇದೆ ಅಂತ ಅರ್ಥ.

ಅಬ್ಸಾರ್ಬರ್‌ನಲ್ಲಿ ದುಡ್ಡು ಉಳಿಸೋಣ ಅಂತ ಕಾಫಿ ಸಿಪ್ಪೆಯ ಇದ್ದಿಲು ಪುಡಿ ಮಾಡಿ, ಫೆವಿಕಾಲ್ ಕಲಸಿ, ಸ್ಪಂಜಿಗೆ ಕುಡಿಸಿ ನೋಡಿದೆ. ಅದರ ಆಚೆಗೆ ಡಿಟಿಎಚ್ ಸಿಗ್ನಲ್ ಆರಾಮಾಗಿ ಕಾಣ್ತಿತ್ತು! ಕೊನೆಗೆ ಅಸಲಿ ಕಾರ್ಬನ್ ಫೋಮೇ ತರಿಸಿದೆ, ಆರು ಸಾವಿರ ಮೇಲೆ ಹೋಯಿತು. ಎಲ್ಲ ಸೇರಿ ಹದಿನೆಂಟು ಇಪ್ಪತ್ತು ಸಾವಿರ. ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಮೂರು ಡಿಗ್ರಿ ಚಳಿ ಅಳೆಯೋಕೆ ಇಷ್ಟು ದುಡ್ಡಾ? ಜನವರಿಯಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಹೊರಗೆ ನಿಂತ್ಕೋ, ಪುಕ್ಸಟ್ಟೆ."

ಕಣ ಅವರದ್ದೇ, ಹಾಗಾಗಿ ಸುಮ್ನಿದ್ದೆ. ತೋಟದೊಳಗೆ ಸಿಲ್ವರ್ ಓಕ್ ಸುತ್ತ ನಿಂತಿರುತ್ತೆ, ಹಾರ್ನ್ ಸ್ವಲ್ಪ ಇಳಿಸಿದರೆ ಸಾಕು, ಮರದ 290 ಕೆಲ್ವಿನ್ ಒಳಗೆ ಬರುತ್ತೆ. ಬಯಲು ಅಂತ ಇರೋದು ಕಣ ಒಂದೇ. ಕಷ್ಟ ಏನಂದ್ರೆ ಆಕಾಶ ಒಣಗೋ ಜನವರಿ ಫೆಬ್ರವರಿಯಲ್ಲೇ ಕಣದ ತುಂಬ ಕಾಫಿ. ರಾತ್ರಿ ರಾಶಿ ಮಾಡಿ ಟಾರ್ಪಾಲ್ ಹೊದಿಸಿದ ಮೇಲೆ ಒಂದು ಮೂಲೆ ನನಗೆ. ಹತ್ತೂವರೆಯ ಹೊತ್ತಿಗೆ ಹಾರ್ನ್ ಬಾಯಿಯ ಪ್ಲಾಸ್ಟಿಕ್ ಮೇಲೆ ಇಬ್ಬನಿ ಕೂರುತ್ತೆ, ಆಮೇಲೆ ಅಳೆದದ್ದೆಲ್ಲ ನೀರಿನ ಶಾಖ. ಸಿಎಂಬಿಯನ್ನ ಮೊದಲು ಕಂಡುಹಿಡಿದ ಪೆಂಜಿಯಾಸ್ ಮತ್ತು ವಿಲ್ಸನ್ ಹಾರ್ನ್‌ನಲ್ಲಿ ಪಾರಿವಾಳದ ಹಿಕ್ಕೆ ಗೋರಿದರು, ನಾನು ಹೇರ್ ಡ್ರೈಯರ್ ಹಿಡಿದೆ.

ಇನ್ನೊಂದು ವಿಷಯ ಉತ್ತರದವರು ಬರೆಯೋದೇ ಇಲ್ಲ. ನಮ್ಮ ಅಕ್ಷಾಂಶಕ್ಕೆ ಟಿವಿ ಉಪಗ್ರಹಗಳ ಸಾಲು ನೆತ್ತಿಯಿಂದ 15 ಡಿಗ್ರಿ ದಕ್ಷಿಣಕ್ಕೇ ಹಾದು ಹೋಗುತ್ತೆ. ಹಾರ್ನ್ ಇಳಿಸೋದಾದರೆ ಉತ್ತರಕ್ಕೆ ಮಾತ್ರ. ಎಸ್‌ಡಿಆರ್‌ನಲ್ಲಿ (ಕಂಪ್ಯೂಟರ್‌ಗೆ ಸಿಕ್ಕಿಸೋ ರೇಡಿಯೋ) ಯಾವ ಚಾನೆಲ್ಲೂ ಇಲ್ಲದ ಕಿರಿದಾದ ಜಾಗ ಹುಡುಕಿ ಅಲ್ಲೇ ಕೂರಬೇಕು. ಜೊತೆಗೆ ಡೇಟಾದಲ್ಲಿ ಸೆಕೆಂಡಿಗೊಂದು ಮುಳ್ಳು. ಬಹಳ ದಿನ ಕೇಬಲ್ ಬದಲಾಯಿಸಿದೆ, ಎಸ್‌ಡಿಆರ್ ಬದಲಾಯಿಸಿದೆ. ಆಮೇಲೆ ನೋಡಿದರೆ ಆನೆಗೆ ಹಾಕಿದ ಸೋಲಾರ್ ಬೇಲಿ! ಅದನ್ನ ಆಫ್ ಮಾಡಿ ಅನ್ನೋಕೆ ಆಗುತ್ತಾ? ಸರಾಸರಿ ಬಿಟ್ಟು ಮೀಡಿಯನ್ (ಸಾಲಾಗಿ ಜೋಡಿಸಿದರೆ ನಡುವಿನ ಬೆಲೆ) ತೆಗೆದೆ, ಮುಳ್ಳು ಹೋಯಿತು.

ಮಧ್ಯೆ ಒಂದು ತಮಾಷೆ. ಎಲ್‌ಎನ್‌ಬಿಗೆ 13 ವೋಲ್ಟ್, 18 ವೋಲ್ಟ್ ಬದಲಾಯಿಸಿ ಎರಡೂ ಧ್ರುವೀಕರಣ (ಬೆಳಕಿನ ಅಡ್ಡ, ಉದ್ದ ಕಂಪನ) ಹೋಲಿಸಿದೆ. ಅರ್ಧ ಕೆಲ್ವಿನ್ ವ್ಯತ್ಯಾಸ! ಬಿ-ಮೋಡ್ ಸಿಕ್ತು ಅಂತ ಗೆಳೆಯರಿಗೆ ಮೆಸೇಜ್ ಹಾಕಿದೆ. ಹಾರ್ನ್ 90 ಡಿಗ್ರಿ ತಿರುಗಿಸಿದರೂ ವ್ಯತ್ಯಾಸ ಹಾರ್ನ್ ಜೊತೆ ತಿರುಗದೆ ಕಣದ ಕಡೆಗೇ ನಿಂತಿತ್ತು. ಸಿಮೆಂಟ್ ನೆಲದ ಪ್ರತಿಫಲನ. ಸುತ್ತ ಅಲ್ಯುಮಿನಿಯಂ ತಗಡಿನ ಗೋಡೆ ಕಟ್ಟಿದ ಮೇಲೆ ಮಾಯ. ಕೋಳಿ ಜಾಲರಿ ಕಟ್ಟೋಕೆ ಹೋಗಬೇಡಿ, ನಾನು ಅಳೆಯೋ 11 ಗಿಗಾಹರ್ಟ್ಸ್‌ಗೆ ಅದರ ತೂತು ದೊಡ್ಡದು.

ಮುಂದಿನ ಸೀಸನ್‌ಗೆ 4 ಗಿಗಾಹರ್ಟ್ಸ್‌ಗೆ ಇಳಿಯೋ ಪ್ಲಾನ್ ಇದೆ. ಅಲ್ಲಿ ನೀರಾವಿಯ ಕಾಟ ತುಂಬ ಕಡಿಮೆ, 1964ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಸಿಎಂಬಿ ಕೇಳಿಸಿಕೊಂಡಿದ್ದೂ ಅಲ್ಲೇ. ಹಾರ್ನ್ ಮಾತ್ರ ಡ್ರಮ್ಮಿನಷ್ಟಾಗುತ್ತೆ. ಹಳೇ ಕೇಬಲ್ ಆಪರೇಟರ್‌ಗಳ ಹತ್ತಿರ ಆ 4 ಗಿಗಾಹರ್ಟ್ಸ್‌ನ ಸಿ-ಬ್ಯಾಂಡ್ ಎಲ್‌ಎನ್‌ಬಿ ಬಿದ್ದಿರುತ್ತೆ. ಸೋಮವಾರಪೇಟೆ, ವಿರಾಜಪೇಟೆ ಕಡೆ ಯಾರಿಗಾದರೂ ಸಿಕ್ಕರೆ ತೆಗೆದಿಡಿ, ದುಡ್ಡು ಕೊಡ್ತೀನಿ.